ಪೋಂಡಾದ ಮಳೆ, ನಮ್ಮ ಕೋಳಿಗೂಡಿನ ಕಾಳು-ನೀರು

ಹಾವೇರಿ ಕಡೆ ನಮ್ಮ ಹಿತ್ತಲಲ್ಲಿ ಅವ್ವ ಅಂಗಳಕ್ಕೆ ನುಚ್ಚು ಚೆಲ್ಲಿ, ಒಡಕು ಗಡಿಗೆಯಲ್ಲಿ ನೀರಿಟ್ಟರೆ ಮುಗೀತು. ಈಗ ನಾನಿರುವ ಗೋವೆಯ ಪೋಂಡಾದಲ್ಲಿ ಅದು ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ನೆಲ ಒಣಗುವುದೇ ಅಪರೂಪ. ಗೂಡಿನಲ್ಲಿ ಹಾಸಿದ ಭತ್ತದ ಹೊಟ್ಟು ಒಮ್ಮೆ ನೆನೆದರೆ ಮೂಗಿಗೆ ಅಮೋನಿಯಾ ಹೊಡೆಯುತ್ತದೆ, ಮರಿಗಳಿಗೆ ರಕ್ತಭೇದಿ ತರುವ ಕಾಕ್ಸಿಡಿಯಾ ಅನ್ನುವ ಸೂಕ್ಷ್ಮ ಪರೋಪಜೀವಿಗೆ ಆ ತೇವವೇ ತವರುಮನೆ. ಅದಕ್ಕೇ ಪೋಂಡಾದಲ್ಲಿ ಗೂಡು ಕಟ್ಟುವಾಗ ನೀರು ಎಲ್ಲಿ ಚೆಲ್ಲುತ್ತದೆ ಅನ್ನುವುದನ್ನು ಮೊದಲು ತೀರ್ಮಾನಿಸಿ, ಉಳಿದದ್ದನ್ನು ಆಮೇಲೆ ಹೊಂದಿಸಿದೆ.

ಗೂಡಿನ ಇಳಿಜಾರಿನ ಮೂಲೆಯಲ್ಲಿ ಚಿರೆಕಲ್ಲು ಜೋಡಿಸಿ ಸಣ್ಣ ಕಟ್ಟೆ ಮಾಡಿ, ಒಳಗೆ ಜಲ್ಲಿ ತುಂಬಿ, ಮೇಲೆ ತಂತಿಜಾಲರಿ ಹಾಸಿದೆ. ಅದರ ಮೇಲೆ ಮುಚ್ಚಳದ ಬಕೆಟ್ ತೂಗಿದೆ, ತಳದಲ್ಲಿ ನಿಪ್ಪಲ್‌ಗಳು, ಅಂದರೆ ಕೋಳಿ ಕೊಕ್ಕಿನಿಂದ ತಟ್ಟಿದರೆ ಹನಿ ಬಿಡುವ ಪುಟ್ಟ ನಳಿಕೆಗಳು. ಹನಿ ಬಿದ್ದರೂ ಜಲ್ಲಿಯ ಮೂಲಕ ಹೊರಗೆ ಹೋಗುತ್ತದೆ, ಹೊಟ್ಟಿಗೆ ತಾಗುವುದಿಲ್ಲ. ಎಂಟು-ಹತ್ತು ಕೋಳಿಗೆ ಒಂದು ನಿಪ್ಪಲ್ ಸಾಕು. ಎತ್ತರ ಮಾತ್ರ ಸರಿಯಿರಬೇಕು: ಕೋಳಿ ಕತ್ತು ಮೇಲೆತ್ತಿ ಕುಡಿಯಬೇಕು, ಬಗ್ಗಿ ಕುಡಿದರೆ ಅರ್ಧ ನೀರು ನೆಲಕ್ಕೆ. ಹೊಸ ಕೋಳಿಗೆ ಬೆರಳಿನಿಂದ ನಿಪ್ಪಲ್ ತಟ್ಟಿ ಹನಿ ತೋರಿಸಿದರೆ ಆಯಿತು. ಒಂದು ಕಲಿತರೆ ಉಳಿದವು ಅದನ್ನು ನೋಡಿ ಕಲಿಯುತ್ತವೆ.

ಕಾಳಿನ ಡಬ್ಬಿ ಎದುರು ಮೂಲೆಯಲ್ಲಿ, ಜಂತಿಗೆ ಸರಪಳಿ ಹಾಕಿ ತೂಗಿದ್ದೇನೆ. ತಟ್ಟೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಇರಬೇಕು. ಕೆಳಗಿದ್ದರೆ ಹೇಂಟೆಗಳು ಗೋವಿನಜೋಳದ ಚೂರು ಹುಡುಕುತ್ತ ಕೊಕ್ಕಿನಿಂದ ಹಿಟ್ಟನ್ನು ಅತ್ತಿತ್ತ ಗೋರುತ್ತವೆ, ಚೆಲ್ಲಿದ್ದನ್ನು ಆಮೇಲೆ ತಿರುಗಿಯೂ ನೋಡುವುದಿಲ್ಲ. ತಟ್ಟೆಯನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬಾರದು. ಕೂರುವ ಗಳದ ಕೆಳಗಂತೂ ಕಾಳನ್ನೂ ನೀರನ್ನೂ ಇಡಲೇಬಾರದು, ಹಿಕ್ಕೆ ನೇರ ಅದರೊಳಗೇ ಬೀಳುತ್ತದೆ.

ಎಲ್ಲರೂ ಹೊಗಳುವ ಪಿವಿಸಿ ಪೈಪಿನ ಫೀಡರ್ ನನಗೆ ಒಗ್ಗಲಿಲ್ಲ. ಮಳೆಗಾಲದಲ್ಲಿ ಹಿಟ್ಟು ಅದರ ತಿರುವಿನಲ್ಲಿ ಗಟ್ಟಿ ಕೂತು ಬೂಷ್ಟು ಹಿಡಿಯುತ್ತದೆ, ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗೋವಿನಜೋಳ, ಶೇಂಗಾ ಹಿಂಡಿಗೆ ಹಿಡಿಯುವ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಅದು ಕೋಳಿಯ ಯಕೃತ್ತನ್ನೇ ಕೆಡಿಸುತ್ತದೆ. ಮೊಟ್ಟೆ ಇಡುವ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ತಿನ್ನುತ್ತದೆ. ಅಷ್ಟೇ ಲೆಕ್ಕ ಹಾಕಿ ಕೊಟ್ಟು, ಸಂಜೆ ಉಳಿದದ್ದನ್ನು ತೆಗೆದುಬಿಡುತ್ತೇನೆ. ಇಲಿಗೂ ಅದೇ ಮದ್ದು. ಚೀಲದ ಫೀಡು ಮುಚ್ಚಳ ಬಿಗಿಯಿರುವ ಡ್ರಮ್ಮಿನಲ್ಲಿ, ಡ್ರಮ್ಮು ಹಲಗೆಯ ಮೇಲೆ.

ಮೊಟ್ಟೆಯ ಚಿಪ್ಪು ಗಟ್ಟಿಯಾಗಲು ಸುಣ್ಣದಂಶ ಬೇಕಲ್ಲ, ಅದಕ್ಕೆ ಇಲ್ಲಿ ದುಡ್ಡು ಖರ್ಚು ಮಾಡಬೇಕಿಲ್ಲ. ತಿಸ್ರ್ಯೊ, ಅಂದರೆ ಚಿಪ್ಪುಮೀನಿನ ಪಲ್ಯ ಮಾಡಿದ ಮನೆಯಿಂದ ಚಿಪ್ಪು ತಂದು, ತೊಳೆದು ಒಣಗಿಸಿ, ಕುಟ್ಟಿ ಬೇರೆ ಕರಟದಲ್ಲಿ ಇಡುತ್ತೇನೆ. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ.

ಮೇ ತಿಂಗಳ ಕಥೆಯೇ ಬೇರೆ. ಕೋಳಿ ತಿಂದದ್ದರ ಎರಡು ಪಟ್ಟು ತೂಕದ ನೀರು ಕುಡಿಯುವುದು ಸಾಮಾನ್ಯ, ಸೆಕೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಆದರೆ ಬಕೆಟ್ ಬಿಸಿಲಿಗಿದ್ದು ನೀರು ಕಾದರೆ ಕುಡಿಯುವುದನ್ನೇ ಕಡಿಮೆ ಮಾಡುತ್ತದೆ, ಮೊಟ್ಟೆಯೂ ಕಡಿಮೆಯಾಗುತ್ತದೆ. ಮಧ್ಯಾಹ್ನ ಬಾವಿಯ ತಣ್ಣೀರು ಬದಲಿಸುತ್ತೇನೆ. ಬಕೆಟ್ಟಿನ ಒಳಗೆ ಬೆರಳಾಡಿಸಿದಾಗ ಲೋಳೆ ಜಾರಿದರೆ ಬ್ರಷ್ ಹಾಕಿ ಉಜ್ಜಿ, ನಿಪ್ಪಲ್‌ಗಳನ್ನು ಒಂದೊಂದಾಗಿ ಒತ್ತಿ ನೋಡುವುದು. ಒಂದು ಹರಳು ಸಿಕ್ಕಿಕೊಂಡರೂ ರಾತ್ರಿಯಿಡೀ ಸೋರುತ್ತದೆ.