ಬ್ಲಾಕ್‌ಚೈನ್ ಕಲಿಯಲು ಒಂದು ನೋಟ್‌ಬುಕ್ ಸಾಕು

ಶಿರಸಿ ಪೇಟೆಗೆ ಅಡಿಕೆ ಕೊಡಲು ಹೋದ ದಿನ ಪರಿಚಯದವರೊಬ್ಬರು ಹಿಡಿದು ನಿಲ್ಲಿಸಿದರು. 'ಸರ್ಕಾರದ ಕಾಗದಪತ್ರ ಎಲ್ಲಾ ಬ್ಲಾಕ್‌ಚೈನ್‌ಗೆ ಹೋಗ್ತದಂತೆ ಮಾರಾಯ. ಅದು ಬಿಟ್‌ಕಾಯಿನ್‌ನವರದ್ದು ಅಲ್ವಾ? ನಮ್ಮ ತೋಟದ ಪಹಣಿ ಕತೆ ಎಂತ?'

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರಕ್ಕೆ ಕಂಪ್ಯೂಟರ್ ಬೇಡ, ಪೆನ್ಸಿಲ್ ಸಾಕು. ಆದರೆ ಅದಕ್ಕೂ ಮುಂಚೆ ಮಾಡಬೇಕಾದ ಕೆಲಸ ಒಂದಿದೆ.

ಮೊದಲು ಪಹಣಿ ಓದಿ

ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂದದ್ದು 2000ದ ಸುಮಾರಿಗೆ, ಭೂಮಿ ಯೋಜನೆಯಲ್ಲಿ. ನಮ್ಮ ಮನೆಯ ಒಂದು ಸರ್ವೆ ನಂಬರಿನ ವಿಸ್ತೀರ್ಣ ಹಳೆಯ ಕಾಗದದಲ್ಲಿ 1 ಎಕರೆ 20 ಗುಂಟೆ. ಕಂಪ್ಯೂಟರಿಗೆ ಹತ್ತುವಾಗ ಅದು 1 ಎಕರೆ 2 ಗುಂಟೆ ಆಗಿತ್ತು. ಯಾರದೋ ಬೆರಳು ಒಂದು ಸೊನ್ನೆಯನ್ನು ಆಚೆಯಿಂದ ಈಚೆಗೆ ಇಟ್ಟಿತ್ತು, ಅಷ್ಟೇ. ಹದಿನೆಂಟು ಗುಂಟೆ ತೋಟ ಕಾಗದದ ಮೇಲೆ ಮಾಯ! ಬೆಳೆಸಾಲಕ್ಕೆ ಹೋಗುವವರೆಗೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರಬಂದ್‌ನ ನಕಲು ತೆಗೆಸಿ, ಅರ್ಜಿ ಕೊಟ್ಟು, ಓಡಾಡಿ ಸರಿಮಾಡಿಸುವಷ್ಟರಲ್ಲಿ ಎರಡು ಮಳೆಗಾಲ ಕಳೆಯಿತು.

ಇದನ್ನು ಯಾಕೆ ಹೇಳಿದೆ ಅಂದರೆ, ಬ್ಲಾಕ್‌ಚೈನ್ ಅಂದರೆ ಬರೆದದ್ದನ್ನು ಆಮೇಲೆ ಯಾರೂ ಗುಟ್ಟಾಗಿ ತಿದ್ದದಂತೆ ಕಾಯುವ ಲೆಕ್ಕದ ಪುಸ್ತಕ. ಬರೆದದ್ದು ಸರಿಯೋ ತಪ್ಪೋ ಅದಕ್ಕೆ ಗೊತ್ತಿಲ್ಲ. ತಪ್ಪು ಹತ್ತಿದರೆ ತಪ್ಪನ್ನೇ ಭದ್ರವಾಗಿ ಕಾಯುತ್ತದೆ. ಹಾಗಾಗಿ ಈಗಲೇ ಪಹಣಿ ತೆಗೆದು ಹೆಸರು, ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ ನೋಡಿ. ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ಪೌತಿ ಖಾತೆ ಮಾಡಿಸಿ. ನಮ್ಮ ಜಿಲ್ಲೆಯಲ್ಲಿ ತೋಟದ ಜೊತೆ ಬೆಟ್ಟವೂ, ಅಂದರೆ ತೋಟಕ್ಕೆ ಸೊಪ್ಪು ತರುವ ಜಾಗವೂ ಇರುತ್ತದೆ. ಆ ಸರ್ವೆ ನಂಬರಿನ ಪಹಣಿಯನ್ನೂ ಬಿಡಬೇಡಿ.

ಈಗ ಪೆನ್ಸಿಲ್ ಹಿಡಿಯಿರಿ

ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಿರಿ (ರಾಶಿ, ಚಾಲಿ ಅಂದರೆ ಅಡಿಕೆಯ ಎರಡು ಬಗೆ). ರಾಶಿ 40 ಕಿಲೋ. ಚಾಲಿ 65 ಕಿಲೋ. ಕಾಳುಮೆಣಸು 12 ಕಿಲೋ. ಪ್ರತಿ ಸಾಲಿನ ಕೊನೆಗೆ ಒಂದು ಗುರುತಿನ ಸಂಖ್ಯೆ ಹಾಕಬೇಕು. ಲೆಕ್ಕ ಹೀಗೆ: ಹಿಂದಿನ ಸಾಲಿನ ಗುರುತಿಗೆ ಈ ಸಾಲಿನ ಕಿಲೋ ಕೂಡಿಸಿ, 7ರಿಂದ ಗುಣಿಸಿ, ಕೊನೆಯ ಮೂರು ಅಂಕಿ ಮಾತ್ರ ಇಟ್ಟುಕೊಳ್ಳಿ. ಶುರುವಿಗೆ ಹಿಂದಿನ ಸಾಲು ಇಲ್ಲವಲ್ಲ, ಸುಮ್ನೆ 100 ಅಂತ ಇಟ್ಟುಕೊಳ್ಳೋಣ.

ರಾಶಿ: 100ಕ್ಕೆ 40 ಸೇರಿ 140. ಏಳರಿಂದ ಗುಣಿಸಿದರೆ 980. ಅದೇ ಗುರುತು.
ಚಾಲಿ: 980ಕ್ಕೆ 65 ಸೇರಿ 1045. ಗುಣಿಸಿದರೆ 7315. ಗುರುತು 315.
ಕಾಳುಮೆಣಸು: 315ಕ್ಕೆ 12 ಸೇರಿ 327. ಗುಣಿಸಿದರೆ 2289. ಗುರುತು 289.

ಈ 289 ಅನ್ನು ಪಕ್ಕದ ಮೂರು ಮನೆಯವರಿಗೆ ಹೇಳಿ, ಅವರ ಕ್ಯಾಲೆಂಡರಿನ ಮೇಲೆ ಬರೆಸಿ. ರಾತ್ರಿ ಯಾರೋ ಬಂದು ರಾಶಿ 40 ಇದ್ದದ್ದನ್ನು 46 ಮಾಡಿದರು ಅಂತಿಟ್ಟುಕೊಳ್ಳಿ. ಮತ್ತೆ ಲೆಕ್ಕ ಹಾಕಿದರೆ ಮೊದಲ ಗುರುತು 022, ಎರಡನೆಯದು 609, ಕೊನೆಯದು 347. ಕ್ಯಾಲೆಂಡರುಗಳಲ್ಲಿ 289 ಇದೆ. ಕಳ್ಳ ಸಿಕ್ಕಿಬಿದ್ದ.

ಸಾಲಿಗೆ ಸಾಲು ಕೊಂಡಿಯಾಗಿರುವುದರಿಂದಲೇ ಇದಕ್ಕೆ ಸರಪಳಿ, ಅಂದರೆ ಚೈನ್, ಅಂತ ಹೆಸರು. ಆದರೆ ಲೆಕ್ಕದಲ್ಲಿ ಚುರುಕಿರುವ ಕಳ್ಳ ಸುಮ್ಮನಿರುವವನಲ್ಲ. ರಾಶಿ 46 ಮಾಡಿ, ಚಾಲಿಯನ್ನು 65ರಿಂದ 23ಕ್ಕೆ ಇಳಿಸುತ್ತಾನೆ. 22ಕ್ಕೆ 23 ಸೇರಿ 45, ಗುಣಿಸಿದರೆ 315. ಕೊನೆಗೆ ಮತ್ತೆ ಅದೇ 289! ನಮ್ಮ ಆಟದ ಲೆಕ್ಕ ಇಷ್ಟು ಪೊಳ್ಳು. ನಿಜವಾದ ವ್ಯವಸ್ಥೆಗಳಲ್ಲಿ ಶಾ-256 ಎಂಬಂಥ ಲೆಕ್ಕ ಬಳಸುತ್ತಾರೆ. ಅದರ ಗುರುತು ಬರೆದರೆ 64 ಅಕ್ಷರ ಉದ್ದ ಇರುತ್ತದೆ. ಕಾಗದದಲ್ಲಿ ಒಂದು ಚುಕ್ಕೆ ಬದಲಾದರೂ ಇಡೀ ಗುರುತು ಬೇರೆಯಾಗುತ್ತದೆ. ಹೀಗೆ ಹೊಂದಿಸಿ ಮೋಸ ಮಾಡುವ ದಾರಿ ಇವತ್ತಿನವರೆಗೆ ಯಾರಿಗೂ ಸಿಕ್ಕಿಲ್ಲ.

ಸಾಮಾನ್ಯವಾಗಿ ಸರಪಳಿಯಲ್ಲಿ ಇಡುವುದು ಈ ಗುರುತನ್ನು ಮಾತ್ರ. ನಿಮ್ಮ ಕಾಗದ ಬೇರೆ ಕಡೆ ಇರುತ್ತದೆ. ಊರಿಗೆಲ್ಲ ನಿಮ್ಮ ದಾಖಲೆ ಕಾಣಿಸುತ್ತದೆ ಅನ್ನುವ ಭಯ ಬೇಡ.

ಕ್ಯಾಲೆಂಡರ್ ಯಾರ ಮನೆಯಲ್ಲಿದೆ?

ನಮ್ಮಲ್ಲಿ ಇದು ತೀರಾ ಹೊಸದೇನಲ್ಲ. ಸರ್ಕಾರದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಎನ್‌ಐಸಿಯ ಬ್ಲಾಕ್‌ಚೈನ್ ಕೇಂದ್ರ ಬೆಂಗಳೂರಿನಲ್ಲಿ 2020ರ ಜನವರಿಯಲ್ಲಿ ಶುರುವಾಯಿತು. ಸಿಬಿಎಸ್‌ಇ 2021ರಲ್ಲಿ ಪರೀಕ್ಷೆಯ ದಾಖಲೆಗಳನ್ನು ಸರಪಳಿಗೆ ಹಾಕಲು ತೊಡಗಿತು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಬ್ಲಾಕ್‌ಚೈನ್ ಚೌಕಟ್ಟನ್ನು ತಂದಿತು. ಅದರ ಒಳಗಿನ ತಂತ್ರಾಂಶದ ಹೆಸರು ವಿಶ್ವಸ್ಯ. ಭುವನೇಶ್ವರ, ಪುಣೆ, ಹೈದರಾಬಾದಿನ ಎನ್‌ಐಸಿ ಡೇಟಾ ಸೆಂಟರುಗಳಲ್ಲಿ ಅದು ನಡೆಯುತ್ತದೆ.

ಮೂರು ಊರು ಸರಿ. ಆದರೆ ಮೂರೂ ಕ್ಯಾಲೆಂಡರ್ ಒಂದೇ ಕುಟುಂಬದವರ ಮನೆಯಲ್ಲಿ ಇದ್ದ ಹಾಗೆ ಆಯಿತಲ್ಲ? ನನಗೆ ಇದು ಸ್ವಲ್ಪ ಕಿರಿಕಿರಿ. ಎಸ್ಟೋನಿಯಾ ದೇಶ 2012ರಿಂದ ಸರ್ಕಾರಿ ದಾಖಲೆಗಳಿಗೆ ಇಂಥ ಗುರುತಿನ ವ್ಯವಸ್ಥೆ ಬಳಸುತ್ತಿದೆ. ಅದನ್ನು ಮಾಡಿಕೊಟ್ಟ ಕಂಪನಿ ಒಟ್ಟು ಗುರುತನ್ನು ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದೂ ಇದೆ. ಅಚ್ಚಾದ ಪೇಪರನ್ನು ಮನೆಮನೆಯಿಂದ ವಾಪಸ್ ತಂದು ತಿದ್ದಲು ಆಗುವುದಿಲ್ಲ ನೋಡಿ. ಪತ್ರಿಕೆಗೆ ಬರೆಯುವವನಾದ್ದರಿಂದ ನನಗೆ ಈ ಉಪಾಯ ಜಾಸ್ತಿ ಇಷ್ಟ.

ಕೈಗೆ ಬಂದ ಕಾಗದ ನೋಡುವುದು ಹೇಗೆ

ಕ್ಯುಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಿ. ಆದರೆ ತೆರೆದುಕೊಂಡ ಪುಟದಲ್ಲಿ ಹಸಿರು ಟಿಕ್ ಕಂಡ ಕೂಡಲೇ ನಂಬಬೇಡಿ. ಮೇಲಿನ ವಿಳಾಸ ಓದಿ. ವೆಬ್‌ಸೈಟಿನ ಹೆಸರು ಗವ್ ಡಾಟ್ ಇನ್ ಅಥವಾ ಎನ್‌ಐಸಿ ಡಾಟ್ ಇನ್ ಎಂದು ಮುಗಿಯದಿದ್ದರೆ ಅನುಮಾನ ಇರಲಿ. ಹಸಿರು ಟಿಕ್ ಯಾರು ಬೇಕಾದರೂ ಬಿಡಿಸಬಹುದು. ಆಮೇಲೆ ಪುಟದಲ್ಲಿರುವ ಹೆಸರು, ನಂಬರನ್ನು ಕಾಗದದ ಜೊತೆ ತಾಳೆ ನೋಡಿ.

ಮೊಬೈಲಿನಲ್ಲಿ ದಾಖಲೆ ಇಟ್ಟುಕೊಳ್ಳುವ ಸರ್ಕಾರಿ ಆಪ್ ಡಿಜಿಲಾಕರ್‌ನಲ್ಲಿ ಇನ್ನೊಂದು ಗೊಂದಲ ಇದೆ. ಇಲಾಖೆಯಿಂದ ನೇರವಾಗಿ ಬಂದ 'ಇಶ್ಯೂಡ್' ದಾಖಲೆಗೆ ಕಾನೂನಿನಲ್ಲಿ ಅಸಲಿ ಕಾಗದದಷ್ಟೇ ಬೆಲೆ. ನೀವೇ ಮೊಬೈಲಿನಲ್ಲಿ ಫೋಟೊ ಹೊಡೆದು ಹಾಕಿಟ್ಟದ್ದು ಬರೀ ಫೋಟೊ. ಪೊಲೀಸರಿಗೆ ಲೈಸೆನ್ಸ್ ತೋರಿಸುವಾಗ ಇದು ಗೊತ್ತಿರಲಿ.

ದುಡ್ಡಿನ ವಿಷಯ

ಬಿಟ್‌ಕಾಯಿನ್ ಪ್ರಶ್ನೆ ಬಾಕಿ ಇದೆ. ಕೊಂಡಿಯ ಉಪಾಯ ಒಂದೇ, ಸಂಬಂಧ ಅಲ್ಲಿಗೇ ಮುಗಿಯಿತು. ಪಹಣಿ ಸರಪಳಿಗೆ ಹತ್ತಿದರೆ ಜಾಗ ಬಿಟ್‌ಕಾಯಿನ್ ಆಗುವುದಿಲ್ಲ. ರಿಸರ್ವ್ ಬ್ಯಾಂಕ್ 2022ರ ಡಿಸೆಂಬರ್ 1ರಂದು ಜನಸಾಮಾನ್ಯರಿಗಾಗಿ ಪ್ರಯೋಗಕ್ಕೆ ಬಿಟ್ಟ ಇ-ರೂಪಾಯಿ ನಮ್ಮ ನೋಟಿನದೇ ಇನ್ನೊಂದು ರೂಪ, ಬೆಲೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಬಿಟ್‌ಕಾಯಿನ್‌ನಂಥವು ನಮ್ಮಲ್ಲಿ ಕಾನೂನುಬದ್ಧ ಹಣ ಅಲ್ಲ. ಲಾಭ ಬಂದರೆ ಶೇ 30ರಷ್ಟು ತೆರಿಗೆ, ಒಂದು ಮಿತಿ ದಾಟಿದ ವಹಿವಾಟಿಗೆ ಶೇ 1 ಟಿಡಿಎಸ್. 'ಸರ್ಕಾರದ ಬ್ಲಾಕ್‌ಚೈನ್ ಸ್ಕೀಮು, ಇಷ್ಟು ಹಾಕಿದರೆ ದುಪ್ಪಟ್ಟು' ಅಂತ ವಾಟ್ಸಾಪ್‌ನಲ್ಲಿ ಬಂದರೆ ಆ ನಂಬರನ್ನು ಬ್ಲಾಕ್ ಮಾಡಿ, ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪೇಟೆಯಲ್ಲಿ ಕೇಳಿದವರಿಗೆ ಇದನ್ನೆಲ್ಲ ಅಡಿಕೆ ಚೀಲದ ಮೇಲೆ ಕೂತು, ರಸೀದಿಯ ಹಿಂದೆ ಲೆಕ್ಕ ಹಾಕಿ ತೋರಿಸಿದೆ. ಪೂರ್ತಿ ಕೇಳಿದರು. ಆಮೇಲೆ ಆ ರಸೀದಿ ಮಡಚಿ ಜೇಬಿಗೆ ಹಾಕಿಕೊಂಡು ಅಂದರು: 'ಅದೆಲ್ಲ ಹೌದು. ಆಕಾರಬಂದ್ ನಕಲು ಎಲ್ಲಿ ಕೊಡ್ತಾರೆ ಅಂದೆ?'