ಆರ್‌ಎನ್‌ಎ ಕೀಟನಾಶಕ: ಪಂಪು ಹೆಗಲಿಗೇರಿಸುವ ಮುನ್ನ

ರಾಯಚೂರು, ಸಿಂಧನೂರು, ಸಿರುಗುಪ್ಪದ ಕಡೆ ಕೀಟನಾಶಕಕ್ಕೆ ‘ಎಣ್ಣೆ’ ಎಂದೇ ಹೆಸರು. ಎಣ್ಣೆ ಹೊಡೆದ ಮರುದಿನ ಹುಳು ಸತ್ತು ಬಿದ್ದಿರಬೇಕೆಂಬುದು ರೈತರ ಲೆಕ್ಕ. ಆರ್‌ಎನ್‌ಎ ಕೀಟನಾಶಕಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಜೀವಕೋಶದಲ್ಲಿ ಪ್ರೋಟೀನು ತಯಾರಿಸುವ ಜೀನಿನ ಸೂಚನೆಯನ್ನು ಸಾಗಿಸುವ ಎಳೆಯಂಥ ಅಣುವೇ ಆರ್‌ಎನ್‌ಎ. ಎಲೆಯೊಂದಿಗೆ ಹುಳುವಿನ ಹೊಟ್ಟೆ ಸೇರಿದ ಜೋಡಿ ಎಳೆಯ ಆರ್‌ಎನ್‌ಎಯನ್ನು ಡೈಸರ್ ಎಂಬ ಕಿಣ್ವ ಸುಮಾರು 21 ಅಕ್ಷರಗಳ (ಎಳೆಯ ಘಟಕಗಳ) ತುಣುಕುಗಳಾಗಿ ಕತ್ತರಿಸುತ್ತದೆ. ಆ ತುಣುಕಿಗೆ ಹೊಂದುವ ತನ್ನದೇ ಸಂದೇಶವಾಹಕ ಆರ್‌ಎನ್‌ಎಯನ್ನು ಹುಳುವಿನ ಜೀವಕೋಶವೇ ನಾಶಮಾಡುವುದರಿಂದ ಅಗತ್ಯ ಪ್ರೋಟೀನು ತಯಾರಾಗದೆ, ಅದು ಮೊದಲು ಮೇವು ಬಿಟ್ಟು, ಕೆಲವು ದಿನಗಳ ಮೇಲೆ ಸಾಯುತ್ತದೆ.

ತುಣುಕು ಹುಳುವಿನ ಸಂದೇಶಕ್ಕೆ ಹೊಂದಲೇಬೇಕಾದ್ದರಿಂದ ಮೊದಲು ಮಾಡಬೇಕಾದದ್ದು ಕೀಟದ ಗುರುತು. ಮೆಣಸಿನಕಾಯಿ ಗಿಡದ ಹೂವನ್ನು ಬಿಳಿ ಹಾಳೆಯ ಮೇಲೆ ಕುಟ್ಟಿ, ಹರಿದಾಡುವ ನುಸಿ (ಥ್ರಿಪ್ಸ್) ಕಪ್ಪೋ ಹಳದಿಯೋ ನೋಡಿ; ಅನುಮಾನವಿದ್ದರೆ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ತೋರಿಸಿ. ಇಲ್ಲಿ ಜಾತಿ ತಪ್ಪಿದರೆ ಔಷಧವೇ ತಪ್ಪಿದಂತೆ. 2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ನೋಂದಣಿಯಾದ ಲೆಡ್‌ಪ್ರೋನಾ ಎಂಬ ಆರ್‌ಎನ್‌ಎ ಕೀಟನಾಶಕ ಆಲೂಗಡ್ಡೆಯ ಕೊಲರಾಡೊ ದುಂಬಿಗೆಂದೇ ರೂಪಿಸಿದ್ದು. ಆ ದುಂಬಿ ನಮ್ಮಲ್ಲಿಲ್ಲ, ಮೆಣಸಿನ ನುಸಿ ಅದಕ್ಕೆ ಜಗ್ಗುವುದೂ ಇಲ್ಲ.

ಕೀಟ ಹೇಗೆ ತಿನ್ನುತ್ತದೆಂಬುದೂ ಮುಖ್ಯ. ಎಲೆ ಕಡಿಯುವ ದುಂಬಿಗಳ ಮೇಲೆ ಈ ವಿಧಾನ ಚೆನ್ನಾಗಿ ನಡೆಯುತ್ತದೆ. ಪತಂಗದ ಮರಿಗಳ ಕರುಳಿನ ರಸ ಕ್ಷಾರೀಯವಾಗಿದ್ದು, ಆರ್‌ಎನ್‌ಎ ಕರಗಿಸುವ ಕಿಣ್ವಗಳೂ ಅಲ್ಲಿರುವುದರಿಂದ ಅವುಗಳ ಮೇಲೆ ಇದು ಅಷ್ಟಾಗಿ ನಡೆಯದು. ಮೇಲಾಗಿ ಹತ್ತಿಯ ಗುಲಾಬಿ ಕಾಯಿಕೊರಕ ಕಾಯಿಯೊಳಗೇ ಕುಳಿತಿರುವಾಗ ಸಿಂಪಡಣೆ ಅದನ್ನು ಮುಟ್ಟುವುದಾದರೂ ಹೇಗೆ? ಸಸ್ಯಹೇನು, ಬಿಳಿನೊಣಗಳು ಒಳಗಿನ ರಸ ಹೀರುವುದರಿಂದ ಎಲೆಯ ಮೇಲಿನ ಲೇಪ ಅವುಗಳ ಹೊಟ್ಟೆಗೆ ಹೋಗದು. ಇಂಥ ಕೀಟಗಳಿಗಾಗಿ, ಮೈಗೆ ತಾಗಿದರೆ ಸಾಕಾಗುವ ಚಿಕ್ಕ ಒಂಟಿ ಎಳೆಯ ಡಿಎನ್‌ಎ ತುಣುಕುಗಳ ಮೇಲೆ ಸಂಶೋಧನೆ ನಡೆದಿದೆ.

ಅಂಗಡಿಯಲ್ಲಿ ಡಬ್ಬಿಯನ್ನು ತಿರುಗಿಸಿ ಓದಿ. 1968ರ ಕೀಟನಾಶಕ ಕಾಯ್ದೆಯಂತೆ ನೋಂದಣಿ ಸಂಖ್ಯೆ, ಬೆಳೆ ಮತ್ತು ಕೀಟದ ಹೆಸರು ಇಲ್ಲದಿದ್ದರೆ, ‘ಜೀನ್ ತಂತ್ರಜ್ಞಾನ’ ಎಂದು ಎಷ್ಟೇ ದಪ್ಪಕ್ಷರದಲ್ಲಿದ್ದರೂ ಹಣ ಕೊಡಬೇಡಿ.

ನೋಂದಾಯಿತ ಔಷಧ ಕೈಗೆ ಬಂದರೆ, ಮೊಟ್ಟೆಯೊಡೆದು ಸಣ್ಣ ಮರಿಗಳು ಹೊರಬರುವ ಹೊತ್ತಿಗೆ ಸಿಂಪಡಿಸಿ. ಬಲಿತ ಹುಳು ಸುಲಭಕ್ಕೆ ಬಗ್ಗದು. ಬಿಸಿಲಿನ ಅತಿನೇರಳೆ ಕಿರಣ ಆರ್‌ಎನ್‌ಎಯನ್ನು ಮುರಿಯುವುದರಿಂದ ನಮ್ಮ ಸೀಮೆಯಲ್ಲಿ ಸಂಜೆಯೇ ಒಳ್ಳೆಯದು. ಕ್ಷಾರವೂ ಅದಕ್ಕೆ ಶತ್ರು. ಸವಳು ಬೋರಿನ ನೀರಾದರೆ ಪಿಎಚ್ ಕಾಗದ ಅದ್ದಿ ನೋಡಿ, ಲೇಬಲ್ಲಿನ ಮಿತಿಗೆ ತನ್ನಿ. ಎಲೆಯ ಎರಡೂ ಬದಿ ಒದ್ದೆಯಾಗಲಿ.

ಹೋಲಿಸಿ ನೋಡಲು ನಾಲ್ಕು ಸಾಲು ಹೊಡೆಯದೆ ಬಿಡಿ. ಎರಡೂ ಕಡೆ ಹತ್ತು ಹತ್ತು ಗಿಡಗಳಿಗೆ ದಾರ ಕಟ್ಟಿ, ಹೊಡೆಯುವ ದಿನ, ಮೂರನೆಯ ದಿನ ಮತ್ತು ಏಳನೆಯ ದಿನ ಮರಿಗಳನ್ನು ಎಣಿಸಿ, ಎಲೆಯ ಹೊಸ ತೂತುಗಳನ್ನೂ ಬರೆದಿಡಿ. ಹೊಡೆದ ಕಡೆ ಹುಳು ಜೀವಂತವಿದ್ದೂ, ಹೊಡೆಯದ ಸಾಲಿನಂತೆ ತೂತು ಹೆಚ್ಚದಿದ್ದರೆ ಔಷಧ ನಡೆದಿದೆ ಎಂದರ್ಥ. ಗಾಬರಿಯಿಂದ ಮೇಲೆ ಇನ್ನೊಂದು ಎಣ್ಣೆ ಹೊಡೆದರೆ ಎಣಿಕೆಯೂ ಕೆಟ್ಟಿತು, ಹಣವೂ ಹೋಯಿತು. ಪ್ರಯೋಗಾಲಯದಲ್ಲಿ ಬದುಕುಳಿದವನ್ನೇ ಆರಿಸಿ ಬೆಳೆಸುವ ಒಂಬತ್ತು ಸಲದ ಆಯ್ಕೆಯಲ್ಲೇ ಕೊಲರಾಡೊ ದುಂಬಿ ಆರ್‌ಎನ್‌ಎಗೆ ತೀವ್ರ ನಿರೋಧಕತೆ ಬೆಳೆಸಿಕೊಂಡಿದೆ. ಆದ್ದರಿಂದ ಡಬ್ಬಿಯ ಮೇಲೆ ಗುಂಪು 35 (ಕೆಲಸ ಮಾಡುವ ಬಗೆಯಂತೆ ಆರ್‌ಎನ್‌ಎ ಕೀಟನಾಶಕಕ್ಕೆ ಕೊಟ್ಟ ಸಂಖ್ಯೆ) ಎಂದಿದ್ದರೆ, ಹುಳುವಿನ ಮುಂದಿನ ಪೀಳಿಗೆಗೆ ಬೇರೆ ಸಂಖ್ಯೆಯ ಗುಂಪನ್ನು ಆರಿಸಿ.