ಉತ್ತರ ತೋರಿಸದ ಚಿತ್ರ: ಓದಿದ್ದು ಅರ್ಥವಾಗುವಂತೆ ಮಾಡಿದ ನನ್ನ ಅನುಭವ

ಸರಾಗವಾಗಿ ಓದುವ, ಆದರೆ ಓದಿದ್ದೇನು ಅಂತ ಕೇಳಿದರೆ ಸುಮ್ಮನೆ ಮುಖ ನೋಡುವ ಮಗು ನಿಮ್ಮಲ್ಲಿಗೂ ಬಂದಿರುತ್ತದೆ. ನನ್ನ ಬಳಿ ಬಂದ ಹುಡುಗನಿಗೆ ಆಗ ಎಂಟು ವರ್ಷ ಇರಬಹುದು. ಒತ್ತಕ್ಷರಗಳಲ್ಲಿ ಎಲ್ಲೂ ತಡವರಿಸುತ್ತಿರಲಿಲ್ಲ. ಕಥೆ ಮುಗಿದ ಮೇಲೆ ಹತ್ತು ಪ್ರಶ್ನೆ ಕೇಳಿದರೆ ಎರಡೋ ಮೂರೋ ಸರಿ, ಅವೂ ‘ಯಾರು’, ‘ಎಲ್ಲಿ’ ಪ್ರಶ್ನೆಗಳು. ‘ಏಕೆ’ ಅಂದರೆ ಕಥೆಯ ಕೊನೆಯ ವಾಕ್ಯವನ್ನೇ ಒಪ್ಪಿಸುತ್ತಿದ್ದ. ಈಗ ಮೊದಲ ಸಲ ನೋಡುವ ಕಥೆ ಕೊಟ್ಟರೂ ಏಳೆಂಟಕ್ಕೆ ಸರಿಯಾದ ಉತ್ತರ ಬರುತ್ತದೆ, ‘ಏಕೆ’ಗೂ ಬರುತ್ತದೆ. ಇದಕ್ಕೆ ನಾನು ಬಳಸಿದ್ದು ಚಿತ್ರಗಳನ್ನು. ಚಿತ್ರ ಇಟ್ಟುಕೊಂಡು ಓದಿಸಿದರೆ ಮಗು ಅಕ್ಷರ ಬಿಟ್ಟು ಚಿತ್ರವನ್ನೇ ಹಿಡಿದು ಕೂರುತ್ತದೆ ಅಂತ ನನ್ನ ಜೊತೆ ಕೆಲಸ ಮಾಡುವವರೇ ಹೇಳಿದ್ದರು. ಅದರಲ್ಲಿ ಅರ್ಧ ನಿಜ ಇದೆ. ಉಳಿದರ್ಧಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಿಜವಾದ ಅರ್ಧ ಮೊದಲು. ಬಣ್ಣದ ಚಿತ್ರಕಥೆ ಪುಸ್ತಕಗಳಿಂದ ಶುರು ಮಾಡಿದ್ದೆ, ಅಂಕ ಏರಿತು. ಅನುಮಾನ ಬಂದು ಒಂದು ದಿನ ಅಕ್ಷರಗಳ ಮೇಲೆ ಕಾಗದ ಮುಚ್ಚಿ, ಬರೀ ಚಿತ್ರ ತೋರಿಸಿ ಅದೇ ಪ್ರಶ್ನೆ ಕೇಳಿದೆ. ಹೆಚ್ಚುಕಡಿಮೆ ಅಷ್ಟೇ ಅಂಕ! ಓದು ಅಲ್ಲಿ ಕೆಲಸವನ್ನೇ ಮಾಡಿರಲಿಲ್ಲ. ಈ ಪರೀಕ್ಷೆಯನ್ನು ನೀವೂ ಮಾಡಿ ನೋಡಿ, ಐದು ನಿಮಿಷ ಸಾಕು. ಆಮೇಲೆ ಸಿದ್ಧ ಕಾರ್ಡುಗಳ ಸೆಟ್ಟು ಬಂತು, ಕಥೆಯನ್ನು ಕ್ರಮವಾಗಿ ಜೋಡಿಸುವಂಥದ್ದು. ಎರಡನೇ ವಾರಕ್ಕೆ ಕಾರ್ಡಿನ ಮೂಲೆಯ ಗುರುತು ನೋಡಿಯೇ ಜೋಡಿಸತೊಡಗಿದ. ಆಮೇಲೆ ಆ್ಯಪು. ಸರಿ ಉತ್ತರಕ್ಕೆ ಹಸಿರು ಬರುವವರೆಗೆ ಒಂದೊಂದಾಗಿ ಒತ್ತುವುದು ಅವನಿಗೆ ಓದುವುದಕ್ಕಿಂತ ಸುಲಭ. ಇಡೀ ಪ್ರಯತ್ನಕ್ಕೆ ನಾನು ಹಾಕಿದ ಹಣದಲ್ಲಿ ಮುಕ್ಕಾಲು ಪಾಲು ಕಾರ್ಡು, ಆ್ಯಪಿನ ಚಂದಾ ಮತ್ತು ಲ್ಯಾಮಿನೇಷನ್ನಿಗೇ ಹೋಯಿತು. ಕೊನೆಗೆ ಕೈಹಿಡಿದದ್ದು ಖಾಲಿ ಹಾಳೆ, ಬಣ್ಣದ ಪೆನ್ಸಿಲು, ನಾನೇ ಗೀಚಿದ ಕಡ್ಡಿಬೊಂಬೆಗಳು.

ವಾಕ್ಯದಲ್ಲಿ ಈಗಾಗಲೇ ಇರುವುದನ್ನು ಚಿತ್ರ ಮತ್ತೆ ಹೇಳಬಾರದು. ವಾಕ್ಯ ಬಿಟ್ಟಿರುವುದನ್ನು ಹಿಡಿದುಕೊಡಬೇಕು. ನಮ್ಮ ಕನ್ನಡದಲ್ಲಿ ವಾಕ್ಯ ಬಿಡುವುದು ಬಹಳ. ಅವನಿಗಾಗಿ ನಾನು ಬರೆದ ಒಂದು ಕಥೆಯ ತುಂಡು ನೋಡಿ: “ಅಣ್ಣ ಚೆಂಡು ಎಸೆದ. ಗೋಡೆಯಾಚೆ ಬಿತ್ತು. ತಮ್ಮ ಅಳುತ್ತಾ ಅಕ್ಕನ ಹತ್ತಿರ ಹೋದ. ಎತ್ತಿಕೊಂಡು, ಸಮಾಧಾನ ಮಾಡಿ, ಏಣಿ ತಂದು ಹತ್ತಿದಳು.” ಗೋಡೆಯಾಚೆ ಬಿದ್ದದ್ದು ಏನು ಅಂದರೆ “ಅಣ್ಣ” ಅಂದ. ಏಣಿ ಹತ್ತಿದ್ದು ಯಾರು ಅಂದರೆ “ತಮ್ಮ”. ಪದಗಳೆಲ್ಲ ಗೊತ್ತು, ಒಂದೊಂದರ ಅರ್ಥವನ್ನೂ ಹೇಳಬಲ್ಲ. ಕರ್ತೃವಿನ ಹೆಸರು ಕಾಣೆಯಾದ ತಕ್ಷಣ ಕಣ್ಣಿಗೆ ಬಿದ್ದ ಹೆಸರನ್ನು ತಂದು ಅಂಟಿಸುತ್ತಿದ್ದ.

ಅದಕ್ಕೆ ಪ್ರತಿ ಪಾತ್ರಕ್ಕೂ ಒಂದು ಬಣ್ಣ ಕೊಟ್ಟೆ: ಅಣ್ಣ ನೀಲಿ, ತಮ್ಮ ಹಸಿರು, ಅಕ್ಕ ಕೆಂಪು, ಚೆಂಡು ಕಂದು. ಹೆಸರಿನ ಕೆಳಗಲ್ಲ, ಕ್ರಿಯಾಪದದ ಕೆಳಗೆ ಆ ಬಣ್ಣದ ಗೆರೆ ಎಳೆಯಬೇಕು. ಶುರು ಮಾಡುವುದು ವಾಕ್ಯದ ಕೊನೆಯಿಂದ. ‘ಹತ್ತಿದಳು’ ಅಂದರೆ ಅಕ್ಕನೇ ಇರಬೇಕು, ಗೆರೆ ಕೆಂಪು. ಅಲ್ಲಿಂದ ಹಿಂದಕ್ಕೆ ಬಂದರೆ ‘ತಂದು’, ‘ಮಾಡಿ’, ‘ಎತ್ತಿಕೊಂಡು’ ಎಲ್ಲವೂ ಕೆಂಪು. ‘ಬಿತ್ತು’ ಅಂತ ಇದೆ, ‘ಬಿದ್ದ’ ಅಂತ ಇಲ್ಲ, ಹಾಗಾಗಿ ಕಂದು. ‘ಬಂದಾಗ’, ‘ಹೋದರೆ’ ಇರುವ ವಾಕ್ಯಗಳನ್ನು ತುಂಬಾ ದಿನ ಮುಟ್ಟಬೇಡಿ, ಅಲ್ಲಿ ಮುಂದಿನ ಕ್ರಿಯೆಯ ಕರ್ತೃ ಬೇರೆಯಾಗಿರಬಹುದು. ಗೆರೆ ಎಳೆದಾದ ಮೇಲೆಯೇ ಕಡ್ಡಿಬೊಂಬೆಗಳನ್ನು ಕೈಗೆ ಕೊಡುತ್ತಿದ್ದೆ, ವಾಕ್ಯದಂತೆ ಅವುಗಳನ್ನು ನಡೆಸಿ ತೋರಿಸುವುದು ಅವನ ಕೆಲಸ. ಸುಮಾರು ಒಂದೂವರೆ ತಿಂಗಳಲ್ಲಿ ‘ಯಾರು’ ಪ್ರಶ್ನೆಗಳ ಗೊಂದಲ ಬಹುಪಾಲು ಹೋಯಿತು. ಆಟಿಸಂ ಇರುವ ಹದಿಹರೆಯದವರ ಮೇಲೆ ಓಕಾನರ್ ಮತ್ತು ಕ್ಲೈನ್ ಎಂಬ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಸರ್ವನಾಮ ಯಾರನ್ನು ಸೂಚಿಸುತ್ತದೆ ಅಂತ ನಿಂತು ಗುರುತಿಸುವ ಅಭ್ಯಾಸವೇ ಹೆಚ್ಚು ನೆರವಾಗಿತ್ತು. ಹೆಸರೂ ಇಲ್ಲದ, ಸರ್ವನಾಮವೂ ಇಲ್ಲದ ನಮ್ಮ ವಾಕ್ಯಗಳಿಗೆ ಅದನ್ನು ಹೊಂದಿಸಿಕೊಂಡದ್ದು ನನ್ನದೇ ಅಂತ ಹೇಳಿಕೊಳ್ಳಲು ನನಗೆ ಹೆಮ್ಮೆಯಿದೆ.

‘ಏಕೆ’ ಪ್ರಶ್ನೆ ಕೈಗೆ ಸಿಕ್ಕಿದ್ದು ಬಹಳ ತಡವಾಗಿ. ತಮ್ಮ ಅತ್ತದ್ದೇಕೆ ಅನ್ನುವುದು ಕಥೆಯಲ್ಲಿ ಎಲ್ಲೂ ಬರೆದಿಲ್ಲವಲ್ಲ. ಆಟಿಸಂ ಇರುವ ಮಕ್ಕಳಿಗೆ ಕಲಿಸುತ್ತಿದ್ದ ಅಮೆರಿಕದ ಶಿಕ್ಷಕಿ ಕ್ಯಾರಲ್ ಗ್ರೇ ಅವರ ‘ಕಾಮಿಕ್ ಸಂಭಾಷಣೆ’ ಅನ್ನುವ ವಿಧಾನವಿದೆ. ಮಾತುಕತೆಯನ್ನು ಕಡ್ಡಿಬೊಂಬೆಗಳ ಚಿತ್ರವಾಗಿ ಬರೆದು, ಮಾತಿಗೊಂದು ಗುಳ್ಳೆ, ಯೋಚನೆಗೊಂದು ಗುಳ್ಳೆ ಹಾಕುವುದು. ಅದರಲ್ಲಿ ಯೋಚನೆಯ ಗುಳ್ಳೆಯನ್ನಷ್ಟೇ ತೆಗೆದುಕೊಂಡೆ. ಕಡ್ಡಿಬೊಂಬೆಯ ತಲೆಯ ಮೇಲೆ ಖಾಲಿ ಗುಳ್ಳೆ ಇಟ್ಟು, ಪ್ರಶ್ನೆ ಕೇಳದೆ ಕಾಯುತ್ತಿದ್ದೆ. ಮೊದಮೊದಲು ಒಳಗೆ ಚೆಂಡಿನ ಚಿತ್ರ ಬರೆದು ಬಿಡುತ್ತಿದ್ದ. ಒಂದು ದಿನ ಚೆಂಡು ಬರೆದು ಅದರ ಮೇಲೆ ಅಡ್ಡಗೆರೆ ಎಳೆದು, “ಮಿಸ್, ಇವನಿಗೆ ಇನ್ನು ಆಡೋಕಾಗಲ್ಲ” ಅಂದ. ಆ ಹಾಳೆ ಇವತ್ತಿಗೂ ನನ್ನ ಫೈಲಿನಲ್ಲಿದೆ. ಖಾಲಿ ಗುಳ್ಳೆಯನ್ನು ಯಾವ ಹೊತ್ತಿಗೆ ಮುಂದಿಡಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವುದರಲ್ಲಿ ಒಂದು ಹದ ಇದೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಎದುರು ಕೂತು ನೋಡಿದವರಿಗೆ ಮಾತ್ರ ತೋರಿಸುತ್ತೇನೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಅವನ ಓದನ್ನೇ ಧ್ವನಿಮುದ್ರಿಸಿ ಕೇಳಿಸಿದೆ. ಖುಷಿಪಟ್ಟ, ಅರ್ಥಕ್ಕೆ ಏನೂ ಸಿಗಲಿಲ್ಲ. ಅವನದೇ ಫೋಟೋಗಳನ್ನು ಕಥೆಗೆ ಹಾಕಿದೆ. ಕಥೆ ಬಿಟ್ಟು ಫೋಟೋ ತೆಗೆದ ದಿನ ನಡೆದದ್ದನ್ನು ಹೇಳತೊಡಗಿದ. ಫಲ ಕೊಟ್ಟದ್ದು ತಪ್ಪು ಚಿತ್ರದ ಆಟ. ಕಥೆಯಲ್ಲಿ ಅಕ್ಕ ಏಣಿ ಹತ್ತುತ್ತಾಳೆ, ಚಿತ್ರದಲ್ಲಿ ಮರ ಹತ್ತುತ್ತಾಳೆ. “ಚಿತ್ರ ಸುಳ್ಳು ಹೇಳ್ತಿದೆ!” ಅಂತ ಕೂಗಿ, ಪುರಾವೆಗೆ ವಾಕ್ಯದ ಮೇಲೆ ಬೆರಳಿಡಬೇಕು. ಚಿತ್ರ ನೋಡಿ ಓದು ತಪ್ಪಿಸಿಕೊಳ್ಳುವ ಅಭ್ಯಾಸ ಇದರಿಂದಲೇ ಬಿಟ್ಟುಹೋಯಿತು. ಮಗು ಚಿತ್ರವನ್ನೇ ಹಿಡಿದು ಕೂರುತ್ತದೆ ಅಂದಿದ್ದ ಜೊತೆಯವರಿಗೆ ಇದನ್ನೇ ಮೊದಲು ತೋರಿಸಿದೆ. ಅವರಲ್ಲೊಬ್ಬರು ಈಗ ತಮ್ಮಲ್ಲೂ ಆಡಿಸುತ್ತಾರೆ. ನೆನಪಿರಲಿ, ಐದು ಚಿತ್ರದಲ್ಲಿ ಒಂದೋ ಎರಡೋ ತಪ್ಪಿರಲಿ. ಎಲ್ಲವೂ ತಪ್ಪಾದರೆ ಓದದೆಯೇ “ಸುಳ್ಳು” ಅನ್ನುತ್ತಾನೆ.

ಬಣ್ಣ ಮತ್ತು ಬೊಂಬೆಗಳನ್ನು ಒಂದೇ ಸಲ ತೆಗೆಯಬೇಡಿ. ಮೊದಲು ಬೊಂಬೆ ಹೋಯಿತು, ಆಮೇಲೆ ಬಣ್ಣದ ಬದಲು ಸಾದಾ ಪೆನ್ಸಿಲಿನಲ್ಲಿ ಪಾತ್ರದ ಮೊದಲಕ್ಷರ, ಆಮೇಲೆ ಗೊಂದಲವಾದ ವಾಕ್ಯಕ್ಕೆ ಮಾತ್ರ ಅಕ್ಷರ. ಈ ಇಳಿಕೆಗೇ ನಾಲ್ಕೈದು ತಿಂಗಳು ಹಿಡಿದಿರಬೇಕು. ಖಾಲಿ ಗುಳ್ಳೆ ಕಟ್ಟಕಡೆಗೆ ಹೋದದ್ದು. ಈಗಲೂ ಕಷ್ಟದ ಜಾಗ ಬಂದರೆ ಅಂಚಿನಲ್ಲಿ ತಾನೇ ಒಂದು ಗುಳ್ಳೆ ಬರೆದುಕೊಳ್ಳುತ್ತಾನೆ, ನಾನು ತಡೆಯುವುದಿಲ್ಲ.

ಮಾಹಿತಿ ಪಾಠಗಳಿಗೆ ಇದು ಅಷ್ಟಾಗಿ ಒಗ್ಗಲಿಲ್ಲ. ಮಳೆ ಹೇಗೆ ಬರುತ್ತದೆ ಅನ್ನುವ ಪಾಠದಲ್ಲಿ ಪಾತ್ರವೂ ಇಲ್ಲ, ಯೋಚನೆಯೂ ಇಲ್ಲ. ಅಲ್ಲಿ ಬಾಣದ ಗುರುತಿನ ನಕ್ಷೆ ಬೇಕು, ಅದನ್ನು ಈಗಷ್ಟೇ ಶುರು ಮಾಡಿದ್ದೇನೆ. ವಾಕ್ಯರೂಪದ ಲೆಕ್ಕಗಳಲ್ಲಿ ಮಾತ್ರ ಬಣ್ಣದ ಗೆರೆ ಚೆನ್ನಾಗಿ ನಡೆಯಿತು. ಯಾರು ಕೊಟ್ಟರು, ಯಾರ ಬಳಿ ಉಳಿಯಿತು ಅಂತ ಗೆರೆ ಎಳೆದ ಮೇಲೆ ಕೂಡಬೇಕೋ ಕಳೆಯಬೇಕೋ ಅಂತ ಅವನು ನನ್ನನ್ನು ಕೇಳುವುದನ್ನು ಬಿಟ್ಟಿದ್ದಾನೆ.